ಪರದೆಯ ಹಿಂದಿನ ಆಟಗಾರ

ಮಕ್ಕಳೇ, ನೀವು ಗಣಕಯಂತ್ರದಲ್ಲಿ ಚದುರಂಗ ಆಡಿದ್ದೀರಾ? ನೀವು ಒಂದು ಕಾಲಾಳನ್ನು ಮುಂದಿಡುತ್ತೀರಿ. ಸ್ವಲ್ಪ ಹೊತ್ತಿನಲ್ಲಿ ಎದುರಿನ ಕಾಯಿಯೂ ತಾನಾಗಿ ಸರಿಯುತ್ತದೆ. ಪರದೆಯ ಮೇಲಿನ ಮಣೆಯೇ ಆಲೋಚಿಸಿ ಆಡಿತು ಎಂದು ನಿಮಗೆ ಅನಿಸಬಹುದು. ಆದರೆ ಅನೇಕ ಸಲ ಮಣೆಗೆ ಆಟದ ನಿಯಮ ಮಾತ್ರ ಗೊತ್ತಿರುತ್ತದೆ, ಯುಕ್ತಿ ಗೊತ್ತಿರುವುದಿಲ್ಲ. ಹಾಗಾದರೆ ನಿಮ್ಮೊಡನೆ ಆಡುತ್ತಿರುವವರು ಯಾರು?

ಗ್ನೂ/ಲಿನಕ್ಸ್ ಇರುವ ಗಣಕಗಳಲ್ಲಿ 'ಗ್ನೋಮ್ ಚೆಸ್' ಎಂಬ ಪ್ರೋಗ್ರಾಂ ಬಳಸಬಹುದು. ಕೇರಳದ ಶಾಲೆಗಳ ಗಣಕಗಳಲ್ಲಿ ಇರುವುದೂ ಗ್ನೂ/ಲಿನಕ್ಸೇ. ಗ್ನೋಮ್ ಚೆಸ್ ಮಣೆಯನ್ನು ಚಿತ್ರಿಸುತ್ತದೆ, ಕಾಯಿಗಳನ್ನು ಸರಿಸುತ್ತದೆ, ಅಷ್ಟೆ. ಆಲೋಚಿಸುವ ಕೆಲಸವನ್ನು ಅದು ಇನ್ನೊಂದು ಪ್ರೋಗ್ರಾಮಿಗೆ ಒಪ್ಪಿಸುತ್ತದೆ. 2008ರಲ್ಲಿ ಮೊದಲು ಹೊರಬಂದ 'ಸ್ಟಾಕ್‌ಫಿಶ್' ಅಂತಹ ಒಂದು ಪ್ರೋಗ್ರಾಂ. ಅದಕ್ಕೆ ಕಿಟಕಿಯಿಲ್ಲ, ಚಿತ್ರವಿಲ್ಲ, ಒತ್ತಲು ಗುಂಡಿಯೂ ಇಲ್ಲ. ಅಕ್ಷರಗಳಲ್ಲಿ ಆಜ್ಞೆ ಕೊಟ್ಟರೆ ಅಕ್ಷರಗಳಲ್ಲೇ ಉತ್ತರ ಕೊಡುತ್ತದೆ. ಇಂತಹವನ್ನು ಆಜ್ಞಾಸಾಲಿನ ಪ್ರೋಗ್ರಾಂ ಎನ್ನುತ್ತಾರೆ.

ಹೋಟೆಲಿಗೆ ಹೋದಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ಮಾಣಿ ನಮ್ಮ ಮೇಜಿನ ಬಳಿ ಬರುತ್ತಾನೆ. ಒಳಗಿನ ಭಟ್ಟರಿಗೆ "ಎರಡು ಮಸಾಲೆ, ಒಂದು ಚಹಾ" ಎಂದು ಕೂಗಿ ಹೇಳುತ್ತಾನೆ. ನಾವು ಭಟ್ಟರನ್ನು ನೋಡುವುದೇ ಇಲ್ಲ. ಗ್ನೋಮ್ ಚೆಸ್ ಮಾಣಿಯಂತೆ, ಸ್ಟಾಕ್‌ಫಿಶ್ ಭಟ್ಟರಂತೆ.

ಅವರ ಮಾತುಕತೆ ಹೀಗಿರುತ್ತದೆ. ರಾಜನ ಮುಂದಿನ ಬಿಳಿ ಕಾಲಾಳನ್ನು ನೀವು ಎರಡು ಮನೆ ನಡೆಸಿದಿರಿ ಎನ್ನೋಣ. ಕಿಟಕಿಯ ಪ್ರೋಗ್ರಾಂ "ಪೊಸಿಶನ್ ಸ್ಟಾರ್ಟ್‌ಪೋಸ್ ಮೂವ್ಸ್ ಇ2ಇ4" ಎಂಬ ಸಾಲನ್ನು ಕಳುಹಿಸುತ್ತದೆ. ಇ2 ಎಂಬ ಮನೆಯಿಂದ ಇ4 ಎಂಬ ಮನೆಗೆ ಕಾಯಿ ಹೋಯಿತು ಎಂದು ಇದರ ಅರ್ಥ. ಬಳಿಕ "ಗೋ ಮೂವ್‌ಟೈಮ್ 3000" ಎನ್ನಬಹುದು. 3000 ಎಂದರೆ ಮೂರು ಸೆಕೆಂಡು, ಏಕೆಂದರೆ ಇಲ್ಲಿ ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿ ಎಣಿಸುತ್ತಾರೆ. ಹಿಂದಿನ ಆಟಗಾರ ಲೆಕ್ಕ ಹಾಕಿ "ಬೆಸ್ಟ್‌ಮೂವ್ ಇ7ಇ5" ಎಂದು ಉತ್ತರಿಸಿದರೆ, ಮುಂದಿನವನು ಕಪ್ಪು ಕಾಲಾಳನ್ನು ಸರಿಸುತ್ತಾನೆ. ಈ ಸಾಲುಗಳು ಹೋಗಿ ಬರುವ ದಾರಿಗೆ 'ಪೈಪ್' ಎಂದು ಹೆಸರು, ಅಂದರೆ ಕೊಳವೆ. 1973ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಇದನ್ನು ಯುನಿಕ್ಸ್ ವ್ಯವಸ್ಥೆಗೆ ಸೇರಿಸಿದರು. ಹೀಗೊಂದು ಕೊಳವೆ ಬೇಕೆಂದು ಒತ್ತಾಯಿಸುತ್ತಿದ್ದವರು ಡಗ್ಲಸ್ ಮ್ಯಾಕಿಲ್‌ರಾಯ್.

ಈಗ ಒಂದು ಪ್ರಶ್ನೆ. ದೋಸೆ ಆಗುವವರೆಗೂ ಮಾಣಿ ಅಡಿಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರೆ ಏನಾದೀತು? ಉಳಿದ ಮೇಜಿನವರು ಎಷ್ಟು ಕರೆದರೂ ಅವನಿಗೆ ಕೇಳಿಸದು. ಕಿಟಕಿಯ ಪ್ರೋಗ್ರಾಮಿನ ಪಾಡೂ ಹಾಗೆಯೇ. ಮೌಸ್ ಒತ್ತಿದರೋ ಎಂದು ನೋಡುವುದು, ಪರದೆಯನ್ನು ಮತ್ತೆ ಬಿಡಿಸುವುದು ಮುಂತಾದ ಸಣ್ಣ ಕೆಲಸಗಳನ್ನು ಅದು ಎಡೆಬಿಡದೆ ಮಾಡುತ್ತಿರಬೇಕು. ಉತ್ತರಕ್ಕಾಗಿ ಕಾದು ನಿಂತರೆ ಕಿಟಕಿ ಮಂಕಾಗಿ ಮರಗಟ್ಟಿದಂತೆ ಆಗುತ್ತದೆ. ಆದುದರಿಂದ ಒಳ್ಳೆಯ ಪ್ರೋಗ್ರಾಂ ಕೆಲಸ ಒಪ್ಪಿಸಿ ತನ್ನ ಪಾಡಿಗೆ ಹಿಂದಿರುಗುತ್ತದೆ. ಕೊಳವೆಯಲ್ಲಿ ಸಾಲು ಬಂದಾಗ ಮಾತ್ರ ಅದನ್ನು ಓದಿಕೊಳ್ಳುತ್ತದೆ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದ ಮೇಲೆಯೇ. ಶಾಲಾ ವಾರ್ಷಿಕೋತ್ಸವದ ದಿನ ಮಕ್ಕಳ ನಾಟಕದ ವೀಡಿಯೋವನ್ನು ಚಿಕ್ಕದು ಮಾಡುತ್ತಿದ್ದೆ. ಹಿಂದೆ 'ಎಫ್‌ಎಫ್‌ಎಂಪೆಗ್' ಎಂಬ ಆಜ್ಞಾಸಾಲಿನ ಪ್ರೋಗ್ರಾಂ ಸದ್ದಿಲ್ಲದೆ ದುಡಿಯುತ್ತಿತ್ತು. ಮುಂದಿನ ಕಿಟಕಿ ಮಾತ್ರ ಅಲುಗಾಡಲಿಲ್ಲ. ಗಣಕ ಕೆಟ್ಟಿತೆಂದು ಹೆದರಿ ಸ್ವಿಚ್ಚನ್ನೇ ಆರಿಸಿದೆ! ಅರ್ಧಕ್ಕೆ ನಿಂತ ಆ ಕಡತ ಮತ್ತೆ ತೆರೆಯಲೇ ಇಲ್ಲ. ಮೊದಲಿನಿಂದ ಮಾಡುವಷ್ಟರಲ್ಲಿ ಸಭೆ ಮುಗಿದಿತ್ತು. ಎದುರು ಸಾಲಿನಲ್ಲಿ ಕುಳಿತಿದ್ದ ಮಕ್ಕಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಕೊಳವೆಗೂ ಒಂದು ಮಿತಿಯಿದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಅದರಲ್ಲಿ ಹಿಡಿಯುವುದು 65,536 ಬೈಟುಗಳು. ಚದುರಂಗದ ಪ್ರೋಗ್ರಾಂ ಆಲೋಚಿಸುವಾಗಲೂ ಎಷ್ಟು ಆಳಕ್ಕೆ ನೋಡಿದೆ ಎಂದು ಸಾಲುಸಾಲಾಗಿ ತಿಳಿಸುತ್ತಲೇ ಇರುತ್ತದೆ. ಅವನ್ನು ಯಾರೂ ಓದದಿದ್ದರೆ ಕೊಳವೆ ತುಂಬುತ್ತದೆ. ತಟ್ಟೆಗಳನ್ನು ಯಾರೂ ಒಯ್ಯದಿದ್ದರೆ ಹೊಸ ದೋಸೆ ಇಡಲು ಭಟ್ಟರಿಗೆ ಜಾಗ ಎಲ್ಲಿ? ಅವರು ಕೈಕಟ್ಟಿ ನಿಲ್ಲುತ್ತಾರೆ. ಮಾಣಿ ಭಟ್ಟರನ್ನು ಕಾಯುತ್ತಾನೆ, ಭಟ್ಟರು ಮಾಣಿಯನ್ನು ಕಾಯುತ್ತಾರೆ. ಹೋಟೆಲಿನಲ್ಲಾದರೆ ಯಜಮಾನರು ಗದರಿಸಿಯಾರು, ಗಣಕದಲ್ಲಿ ಗದರಿಸುವವರು ಯಾರೂ ಇಲ್ಲ.

ಕೆಲಸ ಮುಗಿಸಿ ಹೋಗುವಾಗ ಆಜ್ಞಾಸಾಲಿನ ಪ್ರೋಗ್ರಾಂ ಒಂದು ಸಂಖ್ಯೆಯನ್ನು ಒಪ್ಪಿಸುತ್ತದೆ. ಪರೀಕ್ಷೆಯಲ್ಲಿ ಸೊನ್ನೆ ಬಂದರೆ ನಿಮಗೆ ಬೇಸರವಲ್ಲವೇ? ಇಲ್ಲಿ ಸೊನ್ನೆ ಬಂದರೆ ಎಲ್ಲವೂ ಸರಿಯಾಗಿದೆ ಎಂದರ್ಥ. ಬೇರೆ ಸಂಖ್ಯೆ ಬಂದರೆ ಸಾಮಾನ್ಯವಾಗಿ ಎಲ್ಲೋ ತಪ್ಪಾಗಿದೆ ಎಂದು ಮುಂದಿನ ಕಿಟಕಿ ತಿಳಿಯುತ್ತದೆ, ನಿಮಗೂ ತಿಳಿಸುತ್ತದೆ.

ಆಟ ಸಾಕೆನಿಸಿ ನೀವು ಕಿಟಕಿಯನ್ನು ಮುಚ್ಚಿದಾಗಲೂ ಹಿಂದಿನವನನ್ನು ಮರೆಯುವಂತಿಲ್ಲ. ಅವನನ್ನು ನಿಲ್ಲಿಸಲು ಕೊಳವೆಯಲ್ಲಿ ಕಳುಹಿಸುವುದು ಒಂದೇ ಪದ, "ಕ್ವಿಟ್". ಅಲ್ಲಿಗೆ ಅವನ ಲೆಕ್ಕಾಚಾರ ನಿಲ್ಲುತ್ತದೆ.