ಸುದ್ದಿ ಅಂಗೈಗೆ ಬಂತು, ನಾವು ಗ್ರಾಮಸಭೆಗೆ ಹೋದೆವಾ?

ಬ್ಯಾಡಗಿ ಮೆಣಸು ನಮ್ಮ ಅಡುಗೆಮನೆಗಳಿಗೆಲ್ಲ ಗೊತ್ತು. ಆ ಮೆಣಸಿನ ಪೇಟೆಯ ಪಕ್ಕದ ತಾಲೂಕು ರಾಣೆಬೆನ್ನೂರು, ಅಲ್ಲಿಯ ಒಂದು ಗ್ರಾಮ ಮೇಡ್ಲೇರಿ. ಕರಾವಳಿಗೆ ದೂರದ ಊರು. ಆದರೂ ಆ ಊರಿಗೂ ನಮಗೂ ಪ್ರಶ್ನೆ ಒಂದೇ: ಇಷ್ಟೊಂದು ಸುದ್ದಿ ಸಿಗುವ ಕಾಲದಲ್ಲಿ ಊರಿನ ಆಡಳಿತದಲ್ಲಿ ನಾವೆಷ್ಟು ಪಾಲುದಾರರು?

ಹಿಂದೆ ಆ ಭಾಗದ ಹಳ್ಳಿಗಳಿಗೆ ಹೊರಗಿನ ಸುದ್ದಿ ತಂದದ್ದು 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಮತ್ತು ಹುಬ್ಬಳ್ಳಿಯ ಪತ್ರಿಕೆಗಳು. ನಮಗೆ ಮಂಗಳೂರು ಆಕಾಶವಾಣಿ ಬಂದದ್ದು 1976ರಲ್ಲಿ. ಒಂದು ರೇಡಿಯೋ, ಚಹಾದಂಗಡಿಯ ಒಂದು ಪೇಪರ್, ಸುತ್ತ ಹತ್ತು ಮಂದಿ. ಸುದ್ದಿ ಕಡಿಮೆಯೇ. ಆದರೆ ಒಟ್ಟಿಗೆ ಕೇಳುತ್ತಿದ್ದರು, ಅಲ್ಲೇ ಚರ್ಚೆಯೂ ಆಗುತ್ತಿತ್ತು.

2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. ಈಗ ದೆಹಲಿಯ ಗಲಾಟೆ ನಿಮಿಷದಲ್ಲಿ ಅಂಗೈಗೆ ಬರ್ತದೆ. ಪೇಟೆಗೆ ಹೋಗದ ಉಮ್ಮನಿಗೂ ಸುದ್ದಿ ಸಿಗುತ್ತದೆ. ಇದು ಸಣ್ಣ ಲಾಭವಲ್ಲ. ಆದರೆ ನಮ್ಮ ವಾರ್ಡಿನ ಚರಂಡಿ, ಕುಡಿಯುವ ನೀರಿನ ವಿಷಯ ಯಾವ ಚಾನೆಲ್ಲೂ ಚರ್ಚಿಸುವುದಿಲ್ಲ. ಅದನ್ನು ಕೇಳುವ ಜಾಗ ಗ್ರಾಮಸಭೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಅದು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಸರ್ಕಾರಿ ಮನೆಗೆ ಫಲಾನುಭವಿಗಳ ಆಯ್ಕೆ ನಡೆಯುವುದೂ ಅಲ್ಲೇ. "ಎಲ್ಲ ಫೋನಲ್ಲೇ ಗೊತ್ತಾಗ್ತದಲ್ಲ, ಸಭೆಗೆ ಯಾಕೆ ಹೋಗೋದು?" ಅಂತ ಮನೆಯಲ್ಲೇ ಕೂತರೆ, ಪಟ್ಟಿಯಲ್ಲಿ ನಮ್ಮ ಹೆಸರು ಬಿಟ್ಟುಹೋದಾಗ ಅಲ್ಲಿ ಎದ್ದುನಿಂತು ಕೇಳುವವರು ಯಾರು?

ಮತದಾರರ ಪಟ್ಟಿಯ ಕಥೆಯೂ ಇಷ್ಟೇ. ಚುನಾವಣೆಯ ಬಗ್ಗೆ ದಿನವಿಡೀ ಸ್ಟೇಟಸ್ ಹಾಕುವ ಹುಡುಗನ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಮಾತಿಗೆ ಬೂತಿನಲ್ಲಿ ಬೆಲೆಯಿಲ್ಲ. 2022ರಿಂದ 18 ತುಂಬಿದವರನ್ನು ಸೇರಿಸಲು ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1. ಹೊಸ ಹೆಸರಿಗೆ ನಮೂನೆ 6, ತಿದ್ದುಪಡಿಗೆ, ವಿಳಾಸ ಬದಲಾವಣೆಗೆ ನಮೂನೆ 8. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಗಲ್ಫಿನಲ್ಲಿರುವ ಮಕ್ಕಳಿಗೆ ನಮೂನೆ 6ಎ ಇದೆ. ಮತ ಹಾಕಲು ಮಾತ್ರ ಅವರು ಖುದ್ದಾಗಿ ಊರಿಗೆ ಬರಬೇಕು.

ಫೋನನ್ನು ಬೈದು ಪ್ರಯೋಜನವಿಲ್ಲ. ಪಟ್ಟಿಯಲ್ಲಿ ಹೆಸರು ನೋಡುವುದಕ್ಕೂ ಅರ್ಜಿ ಹಾಕುವುದಕ್ಕೂ ಅದೇ ಫೋನ್ ಸಾಕು. ಮುಂದಿನ ಗ್ರಾಮಸಭೆಯ ದಿನ ಯಾವಾಗ ಅಂತ ಪಂಚಾಯತಿಯಲ್ಲಿ ಕೇಳಿ ಕುಟುಂಬದ ಗ್ರೂಪಿಗೆ ಹಾಕಿ. ಆ ದಿನ ಮನೆಯಿಂದ ಇಬ್ಬರಾದರೂ ಹೋಗಿ, ಅದರಲ್ಲಿ ಒಬ್ಬರು ಹೆಂಗಸಾಗಿರಲಿ. ಮೇಡ್ಲೇರಿಯಿರಲಿ, ಬಂಟ್ವಾಳದ ಹಳ್ಳಿಯಿರಲಿ, ಸಭೆಯ ಪುಸ್ತಕದಲ್ಲಿ ದಾಖಲಾಗುವುದು ಅಲ್ಲಿಗೆ ಬಂದವರ ಮಾತು ಮಾತ್ರ.