ಅಂತರರಾಷ್ಟ್ರೀಯ ಅಧ್ಯಯನಗಳ ಶಾಲೆ, ಜೆಎನ್‌ಯು

ಅಂತರರಾಷ್ಟ್ರೀಯ ಅಧ್ಯಯನಗಳ ಶಾಲೆಯು ನವದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ (ಜೆಎನ್‌ಯು) ಸ್ನಾತಕೋತ್ತರ ಅಧ್ಯಯನ ಹಾಗೂ ಸಂಶೋಧನಾ ವಿಭಾಗಗಳಲ್ಲೊಂದು.

ಇತಿಹಾಸ

ಸ್ವಾತಂತ್ರ್ಯಾನಂತರ ಭಾರತವು ತನ್ನದೇ ವಿದೇಶಾಂಗ ನೀತಿಯನ್ನು ರೂಪಿಸಿಕೊಂಡಿತು. ಆದರೆ ಅನ್ಯದೇಶಗಳ ಇತಿಹಾಸ, ಭಾಷೆ, ರಾಜಕೀಯಗಳನ್ನು ಭಾರತೀಯ ದೃಷ್ಟಿಯಿಂದ ಅಭ್ಯಸಿಸಿದ ವಿದ್ವಾಂಸರು ವಿರಳವಾಗಿದ್ದರು. ಈ ಕೊರತೆಯನ್ನು ನೀಗಲು ವಿಶ್ವ ವ್ಯವಹಾರಗಳ ಭಾರತೀಯ ಮಂಡಳಿಯ ಆಶ್ರಯದಲ್ಲಿ, 1955ರಲ್ಲಿ ಸಪ್ರೂ ಹೌಸ್‌ನಲ್ಲಿ 'ಭಾರತೀಯ ಅಂತರರಾಷ್ಟ್ರೀಯ ಅಧ್ಯಯನಗಳ ಶಾಲೆ' ಆರಂಭವಾಯಿತು. ಎ. ಅಪ್ಪಾದೊರೈ ಇದರ ಮೊದಲ ನಿರ್ದೇಶಕರು. 1961ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಪಡೆದ ಈ ಸಂಸ್ಥೆಯು 1970ರಲ್ಲಿ ಜೆಎನ್‌ಯುವಿನಲ್ಲಿ ವಿಲೀನಗೊಂಡಿತು.

ಅಧ್ಯಯನ ಕ್ರಮ

ಪೂರ್ವ ಏಷ್ಯಾ, ಪಶ್ಚಿಮ ಏಷ್ಯಾ, ಆಫ್ರಿಕಾ, ಯುರೋಪ್ ಮೊದಲಾದ ಪ್ರದೇಶಗಳ ಅಧ್ಯಯನಕ್ಕೆ ಪ್ರತ್ಯೇಕ ಕೇಂದ್ರಗಳಿವೆ. ಒಂದು ಪ್ರದೇಶವನ್ನು ಅರಿಯಲು ಅಲ್ಲಿನ ಭಾಷೆಯನ್ನೂ ಕಲಿಯಬೇಕೆಂಬುದು ಪ್ರದೇಶಾಧ್ಯಯನದ ಮೂಲತತ್ತ್ವ. ಅಂತರರಾಷ್ಟ್ರೀಯ ಕಾನೂನು, ರಾಜತಾಂತ್ರಿಕತೆ ಹಾಗೂ ನಿಶ್ಶಸ್ತ್ರೀಕರಣಗಳೂ ಇಲ್ಲಿನ ಅಧ್ಯಯನ ವಿಷಯಗಳಾಗಿವೆ.