ಒಂದು ಕ್ಲಿಕ್, ಹಲವು ಬಾಗಿಲು: ಚಾಟ್ ಸೈಡ್‌ಬಾರ್ ಎಡವುವುದೇಕೆ?

ಚಿತ್ರದುರ್ಗ: ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಮನೆಯಲ್ಲೇ ಕುಳಿತು ದೂರದ ಕಂಪನಿಗೆ ದುಡಿಯುವವರ ಪಾಲಿಗೆ ಕಚೇರಿಯೆಂದರೆ ಚಾಟ್ ತಂತ್ರಾಂಶದ ಎಡಬದಿಯ ಪಟ್ಟಿಯೇ. ಅಲ್ಲಿ ಒಂದು ಕ್ಲಿಕ್ ತಪ್ಪಿದರೆ, ಮೇಲಧಿಕಾರಿಗೆ ಮಾತ್ರ ಹೇಳಬೇಕಾದ ಸಂಬಳದ ವಿಚಾರ ಇಡೀ ತಂಡದ ಕಣ್ಣಿಗೆ ಬೀಳಬಹುದು. ಹಾಗೆಂದು ತಪ್ಪು ಯಾವಾಗಲೂ ಬೆರಳಿನದ್ದಲ್ಲ.

ಪಟ್ಟಿಯ ಒಂದು ಸಾಲನ್ನೇ ಗಮನಿಸಿ. ತಂಡದ ಹೆಸರು, ಓದದ ಸಂದೇಶಗಳ ಸಂಖ್ಯೆ, ತುದಿಯಲ್ಲಿ ಮೂರು ಚುಕ್ಕಿ. ಚುಕ್ಕಿ ಒತ್ತಿದರೆ ಮೆನು ಮಾತ್ರ ತೆರೆಯಬೇಕು. ಆದರೆ ಕೆಲವೊಮ್ಮೆ ಆ ತಂಡದ ಸಂಭಾಷಣೆಯೂ ಜತೆಗೇ ತೆರೆದುಕೊಂಡು, ಓದುತ್ತಿದ್ದ ಪುಟ ಮಾಯವಾಗುತ್ತದೆ.

ಕಾರಣ ತಿಳಿಯಲು ದುರ್ಗದ ಏಳು ಸುತ್ತಿನ ಕೋಟೆಯನ್ನು ನೆನೆದರೆ ಸಾಕು. ಚುಕ್ಕಿ ಸಾಲಿನೊಳಗೆ, ಸಾಲು ಪಟ್ಟಿಯೊಳಗೆ, ಪಟ್ಟಿ ಪುಟದೊಳಗೆ ಇರುತ್ತದೆ. ಕ್ಲಿಕ್‌ನ ಸುದ್ದಿ ಹೊರಸುತ್ತಿನಿಂದ ಒಳಕ್ಕೆ ಸಾಗಿ, ಮತ್ತೆ ಒಳಗಿನಿಂದ ಹೊರಕ್ಕೆ ಬಾಗಿಲು ಬಾಗಿಲಿಗೂ ಮುಟ್ಟುತ್ತದೆ. ಪ್ರತಿ ಬಾಗಿಲಲ್ಲೂ ಒಬ್ಬ ಕಾವಲುಗಾರನನ್ನು, ಅಂದರೆ ಕ್ಲಿಕ್‌ಗೆ ಪ್ರತಿಕ್ರಿಯಿಸುವ ಕೋಡನ್ನು, ನಿಲ್ಲಿಸಲು ಅವಕಾಶವಿದೆ. ಚುಕ್ಕಿಯ ಕಾವಲುಗಾರ ಮೆನು ತೆರೆದ. ಅದೇ ಸುದ್ದಿ ಕೇಳಿದ ಸಾಲಿನ ಕಾವಲುಗಾರ ಸಂಭಾಷಣೆ ತೆರೆದ. ಇಬ್ಬರೂ ಹೇಳಿದ ಕೆಲಸವನ್ನೇ ಮಾಡಿದ್ದಾರೆ!

ಈ ಎರಡು ದಿಕ್ಕಿನ ಪಯಣ ಹಳೆಯ ಪೈಪೋಟಿಯ ಫಲ. ನೆಟ್‌ಸ್ಕೇಪ್ ಹೊರಗಿನಿಂದ ಒಳಕ್ಕೆ ಎಂದಿತು, ಮೈಕ್ರೋಸಾಫ್ಟ್ ಒಳಗಿನಿಂದ ಹೊರಕ್ಕೆ ಎಂದಿತು. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2000ದ ನವೆಂಬರ್‌ನಲ್ಲಿ ಎರಡನ್ನೂ ಸೇರಿಸಿ ಮಾನದಂಡ ಹೊರಡಿಸಿತು.

ಅವಸರದ ಪರಿಹಾರವೆಂದರೆ ‘ಸ್ಟಾಪ್ ಪ್ರೊಪಗೇಷನ್’ ಎಂಬ ಆದೇಶದಿಂದ ಸುದ್ದಿಯನ್ನು ಚುಕ್ಕಿಯ ಬಾಗಿಲಲ್ಲೇ ತಡೆಯುವುದು. ಆದರೆ ಮೊದಲೇ ತೆರೆದಿದ್ದ ಬೇರೊಂದು ಮೆನುವನ್ನು ಮುಚ್ಚಬೇಕಾದ ಕಾವಲುಗಾರ ಸಾಮಾನ್ಯವಾಗಿ ಇರುವುದು ಹೊರಸುತ್ತಿನಲ್ಲಿ. ಅವನಿಗೆ ಸುದ್ದಿಯೇ ತಲುಪುವುದಿಲ್ಲ, ಪರದೆಯ ಮೇಲೆ ಎರಡು ಮೆನು ಉಳಿಯುತ್ತವೆ. ಅದಕ್ಕಿಂತ, ಒತ್ತಿದ್ದು ಚುಕ್ಕಿಯನ್ನೋ ಹೆಸರನ್ನೋ ಎಂದು ಸಾಲಿನ ಕಾವಲುಗಾರನೇ ವಿಚಾರಿಸಿಕೊಳ್ಳುವುದು ಲೇಸು.

ಡ್ರಾಪ್‌ಬಾಕ್ಸ್ ಕಂಪನಿ 2015ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದ ‘ಜುಲಿಪ್’ನ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿಯನ್ನೂ ಕಳುಹಿಸಬಹುದು. ಗೂಗಲ್ ಸಮ್ಮರ್ ಆಫ್ ಕೋಡ್ ಯೋಜನೆಯ ಮೂಲಕ ಅದಕ್ಕೆ ದುಡಿದವರಲ್ಲಿ ಭಾರತದ ವಿದ್ಯಾರ್ಥಿಗಳೂ ಇದ್ದಾರೆ. ಕಂಟ್ರೋಲ್ ಕೀ ಹಿಡಿದು ಹೆಸರನ್ನು ಕ್ಲಿಕ್ಕಿಸಿದರೆ ಅದರ ಸೈಡ್‌ಬಾರ್ ಕೋಡ್ ತಾನು ಸುಮ್ಮನಿದ್ದು, ಹೊಸ ಟ್ಯಾಬ್ ತೆರೆಯುವ ಕೆಲಸವನ್ನು ಬ್ರೌಸರ್‌ಗೇ ಬಿಡುತ್ತದೆ. ಚಿಕ್ಕ ವಿಷಯವೇ, ಆದರೆ ಇದನ್ನು ಮರೆತ ತಂತ್ರಾಂಶ ಬಳಸಿದವರಿಗೆ ಅದರ ಬೆಲೆ ಗೊತ್ತು.

ಸಂದೇಶ ತಪ್ಪು ತಂಡಕ್ಕೆ ಹೋಗುವುದು ಹೆಚ್ಚಾಗಿ ಇನ್ನೊಂದು ಬಗೆಯ ದೋಷದಿಂದ. ಹೊಸ ಸಂದೇಶ ಬಂದ ತಂಡವನ್ನು ತಾನಾಗಿ ಮೇಲಕ್ಕೆ ತರುವ ಪಟ್ಟಿಗಳಲ್ಲಿ, ಬೆರಳು ಇಳಿಯುವಷ್ಟರಲ್ಲಿ ಸಾಲು ಜಾರಿ ಪಕ್ಕದ ಹೆಸರು ಅಲ್ಲಿಗೆ ಬಂದಿರುತ್ತದೆ. ಒತ್ತುವುದಕ್ಕೂ ಬಿಡುವುದಕ್ಕೂ ನಡುವೆ ಸಾಲು ಸರಿದರೆ ಕ್ಲಿಕ್ ಅದಕ್ಕೆ ಮುಟ್ಟುವುದೇ ಇಲ್ಲ. ಮೌಸ್ ಪಟ್ಟಿಯ ಮೇಲಿರುವಷ್ಟು ಹೊತ್ತು ಸಾಲುಗಳನ್ನು ಕದಲಿಸದಿರುವುದು ಒಂದು ಉಪಾಯ. ಮೌಸೇ ಇಲ್ಲದ ಮೊಬೈಲ್‌ನಲ್ಲಿ ಅದು ನಡೆಯದು. ಕಳುಹಿಸುವ ಮುನ್ನ ಪರದೆಯ ಮೇಲ್ತುದಿಯ ಹೆಸರನ್ನು ಬಳಕೆದಾರರೇ ಒಮ್ಮೆ ನೋಡಿಕೊಳ್ಳಬೇಕು.